ತೋಟಿಯ ವಾರಸುದಾರ ಯಾರು?

ಅರಸರ ಮನೆಯಲ್ಲಿ ವಾರಸು ಇಲ್ಲದಿದ್ದರೆ ಅದು ಚರಿತ್ರೆಯಾಗುತ್ತದೆ. ಹೊಲೆಗೇರಿಯ ಗುಡಿಸಲಲ್ಲಿ ವಾರಸು ಇದ್ದರೂ ಅದು ಕಾಗದಕ್ಕೆ ಬರುವುದಿಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಪಾಠ ನೋಡಿ. ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡ, ದತ್ತು ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, 1824ರಲ್ಲಿ ಯುದ್ಧವೇ ಆಯಿತು, ಥ್ಯಾಕರೆ ಸತ್ತ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತಗೊಂಡ ಹುಡುಗನಿಗೆ ಇಂಗ್ಲಿಷರು 1881ರಲ್ಲಿ ಮೈಸೂರನ್ನು ಒಪ್ಪಿಸಿದರು. ಯಾರು ಯಾರ ಮಗ ಎಂಬ ಒಂದು ಪ್ರಶ್ನೆಗೆ ಫಿರಂಗಿಗಳು ಹಾರಿವೆ, ಲಂಡನ್ನಿಗೆ ಅರ್ಜಿಗಳು ಹೋಗಿವೆ. ಇದನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಬರೆದ ನಮ್ಮ ಹುಡುಗರು, ತಮ್ಮ ಮುತ್ತಾತನ ಹೆಸರೇನು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ತಪ್ಪು ಹುಡುಗರದಲ್ಲ. ಆ ಹೆಸರನ್ನು ಯಾರೂ ಬರೆದಿಡಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ತಾಲ್ಲೂಕು ಕಛೇರಿಯ ಜಗಲಿಯಲ್ಲಿ ಒಬ್ಬ ಮುದುಕಪ್ಪನ ಜೊತೆ ಕೂತಿದ್ದೆ. ಆತನ ಕೈಯಲ್ಲಿ ಪ್ಲಾಸ್ಟಿಕ್ ಕವರು. ಒಳಗೆ ನಾಲ್ಕು ಮಡಿಕೆಯಾಗಿ ಹರಿದ ಒಂದು ಸಾಗುವಳಿ ಚೀಟಿ. ಅವನ ತಾತನಿಗೆ ಸರ್ಕಾರ ಕೊಟ್ಟಿದ್ದ ಎರಡು ಎಕರೆ ಜಮೀನಿನದು. ಒಳಗೆ ಗುಮಾಸ್ತ ಕೇಳಿದ:

"ನಿಮ್ಮ ತಾತ ಸತ್ತಿದ್ದು ಯಾವಾಗ?"

"ಕೆರೆ ಕೋಡಿ ಒಡೆದಿತ್ತಲ್ಲ ಸೋಮಿ, ಆ ವರ್ಸ."

"ಮರಣ ಪತ್ರ ಇದೆಯಾ?"

"ಸತ್ತೋರ್ನ ಮಣ್ಣು ಮಾಡ್ದೊ. ಬರಸೋದು ಅಂತ ನಮಗೇನ್ ಗೊತ್ತಿತ್ತು?"

"ಚೀಟಿಯಲ್ಲಿ ಮುನಿಯ ಅಂತ ಇದೆ. ನೀನು ದೊಡ್ಡಮುನಿಯಪ್ಪ ಅಂತೀಯ. ಅವನೂ ಇವನೂ ಒಬ್ಬನೇ ಅನ್ನೋದಕ್ಕೆ ಏನು ಗ್ಯಾರಂಟಿ? ಹೋಗು, ವಂಶವೃಕ್ಷ ಮಾಡಿಸ್ಕೊಂಡು ಬಾ. ಅಫಿಡವಿಟ್ಟು ಹಾಕ್ಸು."

ಮುದುಕಪ್ಪ ಹೊರಗೆ ಬಂದು ನನ್ನ ಕೇಳಿದ. "ವಂಶವೃಕ್ಷ ಅಂದ್ರೆ ಯಾವ ಮರ ಮೇಷ್ಟ್ರೇ?"

ಅವತ್ತು ನಗು ಬಂದಿತ್ತು. ರಾತ್ರಿ ಮನೆಗೆ ಬಂದ ಮೇಲೆ ನಗು ಹೋಯಿತು. ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

*

ವಂಶವೃಕ್ಷ ಅಂದರೆ ಸತ್ತವನ ಹೆಸರನ್ನು ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ಸತ್ತ ಮಕ್ಕಳ ಮಕ್ಕಳು ಎಂದು ಕೊಂಬೆ ಕೊಂಬೆಯಾಗಿ ಇಳಿಸುವ ಚಿತ್ರ. ಅದರ ಜೊತೆಗೆ ಛಾಪಾ ಕಾಗದದ ಮೇಲೆ ಒಂದು ಪ್ರಮಾಣ: "ಇಷ್ಟು ಜನ ಬಿಟ್ಟು ಮೃತನಿಗೆ ಬೇರೆ ಯಾರೂ ವಾರಸುದಾರರಿಲ್ಲ, ಇದು ಸತ್ಯ, ಸುಳ್ಳಾದರೆ ನಾನೇ ಹೊಣೆ." ನೋಟರಿ ಮುಂದೆ ಸಹಿ ಅಥವಾ ಹೆಬ್ಬೆಟ್ಟು. ಆಮೇಲೆ ಗ್ರಾಮ ಲೆಕ್ಕಿಗ ಊರಿಗೆ ಬಂದು ಪಂಚರನ್ನು ಕೂಡಿಸಿ ಮಹಜರು ಮಾಡಬೇಕು. ಪಹಣಿಯ 9ನೇ ಕಾಲಮ್ಮಿನಲ್ಲಿ ಸತ್ತವನ ಹೆಸರು ತೆಗೆದು ಬದುಕಿದವರ ಹೆಸರು ಹಾಕುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ.

ಈ ಪದಗಳನ್ನೇ ನೋಡಿ. ಪೌತಿ ಅರಬ್ಬಿಯ ಮಾತು, ಸಾವು ಎಂದರ್ಥ. ವಾರಸು, ಮಹಜರು ಇವೂ ಅಲ್ಲಿಂದ ಬಂದವೇ. "ಮುನಿಯ ಬಿನ್ ತಿಮ್ಮ" ಎನ್ನುವಾಗಿನ ಬಿನ್ ಕೂಡ ಅರಬ್ಬಿ. ವಂಶವೃಕ್ಷ ಸಂಸ್ಕೃತ. ಅಫಿಡವಿಟ್ಟು ಲ್ಯಾಟಿನ್, ಆಣೆಯಿಟ್ಟು ಹೇಳಿದ್ದಾನೆ ಎಂದು ಅದರ ಅರ್ಥ. ಸುಲ್ತಾನರು, ಪೇಶ್ವೆಗಳು, ಬ್ರಾಹ್ಮಣ ಶಾನುಭೋಗರು, ಇಂಗ್ಲಿಷ್ ದೊರೆಗಳು ಒಬ್ಬೊಬ್ಬರೂ ಒಂದೊಂದು ಪದ ಕೊಟ್ಟು ಹೋದರು. ಕೇರಿಯ ಭಾಷೆಯಿಂದ ಈ ಕಾಗದಕ್ಕೆ ಹೋಗಿರುವುದು ಹೆಬ್ಬೆಟ್ಟಿನ ಗುರುತು ಒಂದೇ.

ಕಾಗದ ಇಲ್ಲದ ಕಾಲದಲ್ಲೂ ಉಳ್ಳವರ ವಂಶಕ್ಕೆ ದಾಖಲೆ ಇತ್ತು. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತಿನ ಮೇಲೆ ಕೂತು ಬರುವ ಹೆಳವರನ್ನು ನೀವು ನೋಡಿರಬಹುದು. ಮನೆ ಮುಂದೆ ನಿಂತು ಆ ಮನೆತನದ ಏಳು ತಲೆಮಾರು ಹೇಳಿ, ಕಾಳು ಬಟ್ಟೆ ದಾನ ತಗೊಂಡು ಹೋಗುವವರು ಅವರು. ಅವರೂ ಬಡವರೇ, ಅಲೆಮಾರಿಗಳೇ. ಆದರೆ ಹೆಳವನ ನೆನಪು ಕಣಜ ಇದ್ದ ಮನೆಯ ಕಡೆಗೆ ನಡೆಯುತ್ತಿತ್ತು. ಕೊಡಲು ಕಾಳಿಲ್ಲದವನ ವಂಶವನ್ನು ಯಾರು ಹಾಡಬೇಕು?

*

ಇಲ್ಲೊಂದು ವಿಚಿತ್ರ ಇದೆ. ನಮ್ಮ ಹೆಸರಿಗೆ ಬೆಲೆ ಇಲ್ಲದ ಕಾಲದಲ್ಲೂ ನಮ್ಮ ಆಣೆಗೆ ಬೆಲೆ ಇತ್ತು.

1870ರ ದಶಕದಲ್ಲಿ ಮ್ಯಾಕೆಂಝಿ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರು ಸೀಮೆಯ ಕುಳುವಾಡಿಯ ಬಗ್ಗೆ ಬರೆದಿಟ್ಟ. ಕುಳುವಾಡಿ ಅಂದರೆ ಊರಿನ ಚಾಕರಿ ಮಾಡುವ ಹೊಲೆಯ. ಎರಡು ಊರುಗಳ ನಡುವೆ ಗಡಿ ಜಗಳ ಬಂದರೆ ಪಟೇಲನ ಮಾತಾಗಲಿ ಶಾನುಭೋಗನ ಕಡತವಾಗಲಿ ಕೊನೆಯ ಮಾತಲ್ಲ. ಗಡಿ ಎಲ್ಲಿ ಎಂದು ಆಣೆ ಮಾಡುವ ಯೋಗ್ಯತೆ ಕುಳುವಾಡಿಗೆ ಮಾತ್ರ. ಊರ ಮಣ್ಣನ್ನು ಉಂಡೆ ಕಟ್ಟಿ, ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಅವನು ಗಡಿಗುಂಟ ನಡೆಯಬೇಕು. ಅವನ ಹೆಜ್ಜೆಯೇ ಗಡಿ. ತಪ್ಪಿ ಆಚೆ ಹೆಜ್ಜೆಯಿಟ್ಟರೆ ಉಂಡೆ ತಾನೇ ಒಡೆದು ಹೋಗುತ್ತದೆ, ಹದಿನೈದು ದಿನದೊಳಗೆ ಕುಳುವಾಡಿ ಸಾಯುತ್ತಾನೆ, ಮನೆ ಹಾಳಾಗುತ್ತದೆ ಅಂತ ನಂಬಿಕೆ.

ಯೋಚನೆ ಮಾಡಿ ಗೆಳೆಯರೇ. ಊರ ಭೂಮಿಯೆಲ್ಲ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳಬಲ್ಲವನು ಅಸ್ಪೃಶ್ಯ. ಸುಳ್ಳಾದರೆ ಸಾಯಬೇಕಾದವನೂ ಅವನೇ. ಆದರೆ ಆ ಗಡಿಯೊಳಗಿನ ಹೊಲ ಅವನದಲ್ಲ. ಈ ಪದ್ಧತಿಯನ್ನು ಇಟ್ಟುಕೊಂಡು ಕೆಲವರು, ಹೊಲೆಯರೇ ಈ ನೆಲದ ಮೂಲ ಒಡೆಯರು, ಅದಕ್ಕೇ ಅವರ ಆಣೆ ಅಂತ ವಾದಿಸಿದ್ದಾರೆ. ಅದು ಹಾಗಿರಲಿ. ನಮಗೆ ಕಣ್ಣಿಗೆ ಕಾಣುವ ಸತ್ಯವೇ ಸಾಕು: ಆಣೆ ನಮ್ಮದು, ಆಸ್ತಿ ಅವರದು.

ತೋಟಿಯ ಕೆಲಸವೂ ಹಾಗೇ. ಕಂದಾಯದ ಕಡತದ ಗಂಟು ಹೊತ್ತು ಹೋಬಳಿಗೆ ಹೋಗುವವನು ಅವನು. ಸರ್ವೆಗೆ ಬಂದರೆ ಸರಪಳಿ ಹಿಡಿಯುವವನು ಅವನು. ಊರಲ್ಲಿ ಯಾರಾದರೂ ಸತ್ತರೆ ನೆಂಟರ ಊರಿಗೆ ಸುದ್ದಿ ಹೊತ್ತು ಓಡುವವನು ಅವನು. ಊರವರೆಲ್ಲರ ಸಾವನ್ನು ಸಾರಿದ ತೋಟಿಯ ಸಾವು ಮಾತ್ರ ಯಾವ ಕಡತದಲ್ಲೂ ಇಲ್ಲ. ಅವನೇ ಹೊತ್ತ ಗಂಟಿನಲ್ಲಿ ಅವನ ಹೆಸರಿಲ್ಲ.

*

ಇಂಗ್ಲಿಷರು ಬಂದ ಮೇಲೆ ಆಣೆ ಮಣ್ಣಿನ ಉಂಡೆಯಿಂದ ಕಾಗದಕ್ಕೆ ಇಳಿಯಿತು. ಹಿಂದೂಗಳನ್ನು ಗಂಗಾಜಲ ಮುಟ್ಟಿಸಿ, ಮುಸಲ್ಮಾನರನ್ನು ಕುರಾನ್ ಮುಟ್ಟಿಸಿ ಆಣೆ ಹಾಕಿಸುವುದನ್ನು 1840ರ ಕಾಯಿದೆ ನಿಲ್ಲಿಸಿತು. ಅದರ ಬದಲು ಸತ್ಯವನ್ನೇ ಹೇಳುತ್ತೇನೆ ಎಂಬ ಪ್ರಮಾಣ ವಚನ ಬಂತು. 1873ರಲ್ಲಿ ಆಣೆಗಳ ಕಾಯಿದೆ, ಸ್ವಾತಂತ್ರ್ಯದ ನಂತರ ಅದನ್ನು ತೆಗೆದು 1969ರಲ್ಲಿ ಇನ್ನೊಂದು. ಮುಟ್ಟಿಸಿಕೊಳ್ಳಬಾರದವನ ಆಣೆಗೆ ಯಾವ ಪವಿತ್ರ ವಸ್ತು ಕೊಡಬೇಕು ಎಂಬ ತೊಡಕು ಕಾನೂನಿನ ಕಣ್ಣಲ್ಲಿ ಹೀಗೆ ಕರಗಿತು. ಅಷ್ಟರ ಮಟ್ಟಿಗೆ ಒಳ್ಳೆಯದೇ.

ಸತ್ತವನಿಗೆ ಬರಬೇಕಾದ ಸಾಲ ವಸೂಲು ಮಾಡಲು ವಾರಸುದಾರನಿಗೆ ಕೋರ್ಟಿನ ಪತ್ರ ಕೊಡುವ ಕಾಯಿದೆ 1860ರಲ್ಲಿ ಬಂತು, 1889ರಲ್ಲಿ ಉತ್ತರಾಧಿಕಾರ ಪತ್ರದ ಕಾಯಿದೆ ಬಂತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಅದು ಇವತ್ತಿಗೂ ಇದೆ. ಗಮನಿಸಿ, ಅದು ಸಾಲ, ಷೇರು, ಬ್ಯಾಂಕಿನ ಠೇವಣಿಗೆ ಸಂಬಂಧಿಸಿದ್ದು. ಯಾರ ಹತ್ತಿರ ಕೊಡಲು ಸಾಲ ಇತ್ತೋ ಅವರಿಗಾಗಿ ಹುಟ್ಟಿದ ಕಾಗದ ಅದು. ಸಾಲವನ್ನೇ ಪಿತ್ರಾರ್ಜಿತವಾಗಿ ಪಡೆದ ಜೀತದ ಮಗನಿಗೆ ಯಾವ ಕೋರ್ಟಿನ ಪತ್ರವೂ ಬೇಕಾಗಿರಲಿಲ್ಲ. ಅಪ್ಪ ಸತ್ತ ಮಾರನೆಯ ದಿನ ಒಡೆಯ ಬಾಗಿಲಿಗೆ ಬರುತ್ತಿದ್ದ. "ನಿಮ್ಮಪ್ಪನ ಸಾಲಕ್ಕೆ ನೀನೇ ಕಣ್ಲಾ ವಾರಸು."

ಮುಂಬೈ ಆಧಿಪತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ಬಿಜಾಪುರ ಸೀಮೆಯಲ್ಲಿ 1874ರ ವತನು ಕಾಯಿದೆ ನಡೆಯುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ 1908ರ ಗ್ರಾಮ ಹುದ್ದೆಗಳ ಕಾಯಿದೆ. ಎರಡರಲ್ಲೂ ಹಳ್ಳಿಯ ಹುದ್ದೆ ವಂಶಪಾರಂಪರ್ಯ. ದೇಸಾಯಿ, ಪಟೇಲ, ಕುಲಕರ್ಣಿ, ಶಾನುಭೋಗರಿಗೆ ಈ ಪರಂಪರೆ ಅಂದರೆ ಅಧಿಕಾರ. ಮಹಾರನಿಗೆ, ತೋಟಿಗೆ, ತಳವಾರನಿಗೆ ಅದೇ ಪರಂಪರೆ ಅಂದರೆ ಕೊರಳಿನ ಹಗ್ಗ.

ಇದನ್ನು ಶಾಸನಸಭೆಯಲ್ಲಿ ಎತ್ತಿ ಹೇಳಿದವರು ಬಾಬಾಸಾಹೇಬರು. 1928ರ ಮಾರ್ಚ್ 19ರಂದು ಮುಂಬೈ ಶಾಸನಸಭೆಯಲ್ಲಿ 1874ರ ಕಾಯಿದೆಗೆ ತಿದ್ದುಪಡಿ ಮಸೂದೆ ತಂದರು. ಮಹಾರನಿಗೆ ಕೊಟ್ಟ ಚೂರು ವತನು ಭೂಮಿ ಮತ್ತು ಊರವರು ಎಸೆಯುವ ಬಲುತೆಯ ಕಾಳಿಗಾಗಿ ಅವನು ಹಗಲೂ ರಾತ್ರಿ ಸರ್ಕಾರಿ ಚಾಕರಿಗೆ ಸಿದ್ಧನಿರಬೇಕು. ವತನುದಾರ ಮನೆಯಲ್ಲಿಲ್ಲದಿದ್ದರೆ ಅವನ ಅಪ್ಪನನ್ನೋ ಮನೆಯ ಇನ್ನೊಬ್ಬರನ್ನೋ ಹಿಡಿದು ಕೆಲಸಕ್ಕೆ ಒಯ್ಯುತ್ತಿದ್ದರು. ಪೂರ್ತಿ ಕಂದಾಯ ಕಟ್ಟುತ್ತೇವೆ, ಭೂಮಿಯನ್ನು ರೈತವಾರಿಗೆ ಬಿಡಿ, ಚಾಕರಿಯಿಂದ ಬಿಡುಗಡೆ ಮಾಡಿ ಎಂಬುದು ಮಸೂದೆಯ ತಿರುಳು. ಸಭೆಯಲ್ಲಿ ಅದಕ್ಕೆ ದಾರಿ ಸಿಗಲಿಲ್ಲ, ಅಂಬೇಡ್ಕರರು ಅದನ್ನು ವಾಪಸು ತೆಗೆದುಕೊಳ್ಳಬೇಕಾಯಿತು.

ಇಲ್ಲಿದೆ ನೋಡಿ ನಮ್ಮ ವಂಶವೃಕ್ಷದ ನಿಜವಾದ ಬೇರು. ಚಾಕರಿಗೆ ವಂಶವೆಲ್ಲ ವಾರಸು. ಭೂಮಿಗೆ ರಿಜಿಸ್ಟರಿನಲ್ಲಿರುವ ಒಬ್ಬನೇ ವಾರಸು. ಚಾಕರಿಗೆ ಯಾರೂ ಅಫಿಡವಿಟ್ಟು ಕೇಳಲಿಲ್ಲ, ಭೂಮಿಗೆ ಕೇಳುತ್ತಾರೆ.

*

ಏಕೀಕರಣದ ನಂತರ 1961ರಲ್ಲಿ ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂತು, 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಪಟೇಲಿಕೆ, ಶಾನುಭೋಗಿಕೆ, ತೋಟಿ, ತಳವಾರಿಕೆ, ನೀರಗಂಟಿಕೆ ಎಲ್ಲ ರದ್ದು. ಹುದ್ದೆಯ ಇನಾಮು ಭೂಮಿಯನ್ನು ಸರ್ಕಾರ ಒಮ್ಮೆ ವಾಪಸು ತೆಗೆದುಕೊಂಡು, ಹುದ್ದೆ ಮಾಡುತ್ತಿದ್ದವನಿಗೇ ಮರುಮಂಜೂರು ಮಾಡಬೇಕು. ನೂರಾರು ವರ್ಷ ಸವೆದ ಚಾಕರಿಗೆ ಕೊನೆಗೆ ತುಂಡು ಭೂಮಿ ಸ್ವಂತಕ್ಕೆ ಬರುವ ಗಳಿಗೆ ಅದು.

ಆದರೆ ಮರುಮಂಜೂರಾತಿಗೆ ಅರ್ಜಿ ಹಾಕಬೇಕು, ದುಡ್ಡು ಕಟ್ಟಬೇಕು, ತಾನೇ ತೋಟಿ ಅಥವಾ ತೋಟಿಯ ವಾರಸುದಾರ ಎಂದು ತೋರಿಸಬೇಕು. ತೋಟಿಕೆಯನ್ನು ಅಣ್ಣತಮ್ಮಂದಿರು, ದಾಯಾದಿಗಳು ವರ್ಷಕ್ಕೊಬ್ಬರಂತೆ ಪಾಳಿಯ ಮೇಲೆ ಮಾಡಿದ ಊರುಗಳಿದ್ದವು. ಕಡತದಲ್ಲಿದ್ದದ್ದು ಯಾವನೋ ಒಬ್ಬನ ಹೆಸರು. ಅಂಥ ಕಡೆ ಉಳಿದವರ ಮಕ್ಕಳು ಕಾಗದದಲ್ಲಿ ಇಲ್ಲದವರಾದರು, ದಾಯಾದಿಗಳ ನಡುವೆ ಜಗಳ ಬಿತ್ತು. ಆ ಜಗಳದ ಬಿರುಕಿನಲ್ಲಿ ಊರಿನ ಉಳ್ಳವನು ಕೈ ಹಾಕಿ, ಹೆಸರಿದ್ದವನಿಗೆ ನೂರೋ ಇನ್ನೂರೋ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸುಲಭವಾಯಿತು.

ಒಬ್ಬನ ಹೆಸರಿಗೆ ಮರುಮಂಜೂರಾದರೂ ಅದು ಕುಟುಂಬದ ಎಲ್ಲರಿಗೂ ಸೇರಿದ್ದು, ಎಲ್ಲರಿಗೂ ಪಾಲುಂಟು ಎಂದು ಸುಪ್ರೀಂ ಕೋರ್ಟು 1982ರಲ್ಲಿ ಹೇಳಿತು. ಆ ಮಾತು ಹೇಳಿಸಿಕೊಂಡ ಮೊಕದ್ದಮೆ ಯಾರದು? ನಮ್ಮ ಧಾರವಾಡ ಸೀಮೆಯ ದೇಸಾಯಿ ಮನೆತನದ್ದು. ದೇಸಾಯಿಗಳು ದಿಲ್ಲಿವರೆಗೆ ಹೋಗಿ ಗೆದ್ದುಕೊಂಡ ನ್ಯಾಯ ಕಾನೂನಿನ ಪ್ರಕಾರ ತೋಟಿಯ ಮಕ್ಕಳಿಗೂ ಸಲ್ಲುತ್ತದೆ. ಆ ಸುದ್ದಿಯನ್ನು ಕೇರಿಗೆ ಹೊತ್ತು ತರುವ ತೋಟಿ ಯಾರೂ ಇರಲಿಲ್ಲ, ಅಷ್ಟೆ.

ದೇವರಾಜ ಅರಸರ ಸರ್ಕಾರ 1978ರಲ್ಲಿ ತಂದ, 1979ರ ಜನವರಿ 1ರಿಂದ ಜಾರಿಗೆ ಬಂದ ಪಿ.ಟಿ.ಸಿ.ಎಲ್. ಕಾಯಿದೆ ನಿಮಗೆಲ್ಲ ಗೊತ್ತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಷರತ್ತು ಮುರಿದು ಕೊಂಡಿದ್ದರೆ ಆ ಕ್ರಯ ರದ್ದು. ಭೂಮಿ ಕೊಂಡಿದ್ದವರು ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿ ಹಿಡಿಯಿತು. ನಮ್ಮ ಚಳುವಳಿ ಇದನ್ನು ಗೆಲುವು ಎಂದು ಕೊಂಡಾಡಿತು. ಗೆಲುವು ಹೌದು.

ಆದರೆ 5ನೇ ಕಲಮನ್ನು ಪೂರ್ತಿ ಓದಿದವರು ಎಷ್ಟು ಜನ? ಅಸಿಸ್ಟೆಂಟ್ ಕಮೀಷನರು ಭೂಮಿಯನ್ನು ಬಿಡಿಸಿ ಮೂಲ ಮಂಜೂರುದಾರನಿಗೆ ಅಥವಾ ಅವನ ಕಾನೂನುಬದ್ಧ ವಾರಸುದಾರನಿಗೆ ಕೊಡಬೇಕು. ಹಾಗೆ ಕೊಡುವುದು ಸಾಧ್ಯವಾಗದಿದ್ದರೆ ಭೂಮಿ ಸರ್ಕಾರಕ್ಕೆ ಸೇರುತ್ತದೆ. ಅದನ್ನು ಸರ್ಕಾರ ಬೇರೆ ಪರಿಶಿಷ್ಟರಿಗೆ ಕೊಡಬಹುದು, ಆ ಮಾತು ಬೇರೆ. ಕಳೆದುಕೊಂಡ ಮನೆಗೆ ಮಾತ್ರ ಅದು ಬರುವುದಿಲ್ಲ. 1940ರಲ್ಲೋ 50ರಲ್ಲೋ ಮಂಜೂರಾದ ಮನುಷ್ಯ ಇವತ್ತು ಬದುಕಿರುವುದಿಲ್ಲ. ಹಾಗಾಗಿ ಇಡೀ ಕಾಯಿದೆ ನಿಂತಿರುವುದು "ವಾರಸುದಾರ" ಎಂಬ ಒಂದು ಪದದ ಮೇಲೆ. ಎದುರಾಳಿಯ ವಕೀಲ ಮೊದಲು ಹೊಡೆಯುವುದೂ ಅಲ್ಲಿಗೇ. "ಸ್ವಾಮಿ, ಅರ್ಜಿದಾರ ಮೂಲ ಮಂಜೂರುದಾರನ ಮೊಮ್ಮಗನೇ ಅಲ್ಲ. ಚೀಟಿಯಲ್ಲಿರುವ ಮುನಿಯ ಬೇರೆ, ಇವರ ತಾತ ಬೇರೆ."

ನಮ್ಮವರ ಹೆಸರುಗಳು ಹೀಗೇಕೆ? ಮನೆಯಲ್ಲಿ ದೊಡ್ಡಮುನಿಯಪ್ಪ. ಶಾನುಭೋಗನ ಬಾಯಲ್ಲಿ ಮುನಿಯ. ಕೇರಿಯವನ ಹೆಸರಿಗೆ ಅಪ್ಪ, ಅಯ್ಯ ಸೇರಿಸಿ ಬರೆಯಲು ಲೇಖನಿ ಒಪ್ಪುತ್ತಿರಲಿಲ್ಲ. ಅವಮಾನಕ್ಕೆಂದು ಕತ್ತರಿಸಿದ ಹೆಸರು ಎರಡು ತಲೆಮಾರು ಕಳೆದ ಮೇಲೆ ಭೂಮಿಯನ್ನೇ ಕತ್ತರಿಸುತ್ತದೆ. ಒಂದು ಊರಿನ ಕೇರಿಯಲ್ಲಿ ನಾಲ್ಕು ಜನ ಮುನಿಯರು, ಐದು ಜನ ಕರಿಯರು. ಯಾರ ಚೀಟಿ ಯಾರದು?

ತಡವಾಯಿತು ಎಂಬ ಇನ್ನೊಂದು ಕೊಡಲಿಯೂ ಬಿತ್ತು. ಅರ್ಜಿ ಹಾಕಲು ಕಾಯಿದೆಯಲ್ಲಿ ಗಡುವು ಇರಲಿಲ್ಲ. ಆದರೂ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಮಂಜಸವಾದ ಕಾಲದೊಳಗೆ ಬರಬೇಕಿತ್ತು ಎಂದಿತು. ಆ ತೀರ್ಪು ಹಿಡಿದು ನಮ್ಮವರ ಅರ್ಜಿಗಳು ಸಾಲುಸಾಲಾಗಿ ಬಿದ್ದವು. ಸಂಘಟನೆಗಳು ಬೀದಿಗಿಳಿದ ಮೇಲೆ 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಕಾಲಮಿತಿ ಅಡ್ಡಿಯಲ್ಲ ಎಂದು ಬರೆಯಿತು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಅಂತ ಕೇಳುತ್ತಾರೆ. ಸುಮ್ಮನಿರಲಿಲ್ಲ ಸ್ವಾಮಿ. ತಾತನ ಮಕ್ಕಳೆಂದು ರುಜುವಾತು ಮಾಡಲು ಒಂದು ಕಾಗದಕ್ಕಾಗಿ ನಿಮ್ಮ ಜಗಲಿಯಲ್ಲೇ ಕೂತಿದ್ದೆವು.

*

ಇಷ್ಟು ಹೊತ್ತು ಊರವರನ್ನು ಬೈದದ್ದಾಯಿತು. ಈಗ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳೋಣ.

ಕೇರಿಯ ಗಂಡಸು ವಂಶವೃಕ್ಷ ಬರೆಸುವಾಗ ಏನು ಬರೆಸುತ್ತಾನೆ? "ನಾವು ಮೂರು ಜನ ಅಣ್ಣತಮ್ಮಂದಿರು, ಬೇರೆ ಯಾರೂ ಇಲ್ಲ." ಇಬ್ಬರು ಅಕ್ಕಂದಿರು ಎಲ್ಲಿ ಹೋದರು? "ಅವ್ರನ್ನ ಕೊಟ್ಬುಟ್ಟಿದ್ದೀವಲ್ಲ." ಕೊಟ್ಟುಬಿಟ್ಟ ಹೆಣ್ಣು ಸತ್ತಂತೆ. ಸರ್ಕಾರದ ಮುಂದೆ ಆಣೆ ಹಾಕಿ ಬದುಕಿರುವ ಅಕ್ಕನನ್ನು ಇಲ್ಲ ಎನ್ನುವುದು ಸುಳ್ಳು ಪ್ರಮಾಣ. ಹಿಂದೆ ದಂಡಸಂಹಿತೆಯಲ್ಲೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಅಪರಾಧ. ಮನುಷ್ಯತ್ವದ ಕಣ್ಣಲ್ಲಿ ಅದಕ್ಕಿಂತ ದೊಡ್ಡದು. ಶಾನುಭೋಗ ನಮ್ಮ ತಾತನ ಹೆಸರನ್ನು ಅಳಿಸಿದ. ನಾವು ನಮ್ಮ ಅಕ್ಕನ ಹೆಸರನ್ನು ಅಳಿಸುತ್ತೇವೆ. ಲೇಖನಿ ಬೇರೆ, ಕೈ ಒಂದೇ.

ಕಾನೂನು ಎಲ್ಲಿಂದ ಎಲ್ಲಿಗೆ ಬಂದಿದೆ ನೋಡಿ. ಮೈಸೂರು ಸಂಸ್ಥಾನ 1933ರಲ್ಲೇ ಹೆಂಗಸರ ಹಕ್ಕಿನ ಕಾಯಿದೆ ಮಾಡಿ, ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲನ್ನು ಒಪ್ಪಿತ್ತು. ಹಿಂದೂ ಕೋಡ್ ಬಿಲ್ಲಿಗಾಗಿ ಬಾಬಾಸಾಹೇಬರು 1951ರಲ್ಲಿ ಮಂತ್ರಿ ಪದವಿ ಬಿಟ್ಟರು. 1956ರ ಜೂನ್ 17ರಿಂದ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು, ಅಪ್ಪನ ಸ್ವಂತ ಪಾಲಿನಲ್ಲಿ ಮಗ, ಮಗಳು, ಹೆಂಡತಿ, ತಾಯಿ ಸಮಾನ ಎಂದಿತು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಅಲ್ಲಿಯವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಮದುವೆಯಾಗಲಿ ಬಿಡಲಿ ದೇಶದ ಹೆಣ್ಣುಮಕ್ಕಳಿಗೆಲ್ಲ ಆ ಹಕ್ಕು. ಅಪ್ಪ ಆ ದಿನ ಬದುಕಿರಬೇಕಾಗಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಬೌದ್ಧರಾದವರಿಗೂ ಇದೇ ಕಾಯಿದೆ. ಕ್ರೈಸ್ತರಾದ ನಮ್ಮವರಿಗೆ 1925ರ ಕಾಯಿದೆ. ಪರಿಶಿಷ್ಟ ಪಂಗಡದ ಅಕ್ಕತಂಗಿಯರಿಗೆ ಮಾತ್ರ 1956ರ ಕಾಯಿದೆ ತಾನಾಗಿ ಅನ್ವಯಿಸುವುದಿಲ್ಲ, ಅದರ 2ನೇ ಕಲಮ್ಮು ಅವರನ್ನು ಹೊರಗಿಟ್ಟಿದೆ. ಸೋಲಿಗರ ಹೆಣ್ಣುಮಗಳು ಇವತ್ತಿಗೂ ಪದ್ಧತಿಯ ಹೆಸರಲ್ಲಿ ಕೋರ್ಟಿಗೆ ಅಲೆಯಬೇಕಾದೀತು.

ಇನ್ನೊಂದು ಗಾಯವಿದೆ. ಬಳ್ಳಾರಿ ಸೀಮೆಯಲ್ಲಿ ಗಂಡು ಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಟ್ಟು ಬಸವಿ ಮಾಡುತ್ತಿದ್ದರು. ಬಸವಿಯಾದ ಮಗಳು ಮಗನ ಲೆಕ್ಕಕ್ಕೆ ಬರುತ್ತಿದ್ದಳು. ಅಪ್ಪನ ಚಿತೆಗೆ ಬೆಂಕಿ ಇಡಬಹುದು, ಅಪ್ಪನ ಆಸ್ತಿಗೆ ವಾರಸಾಗಬಹುದು, ಅವಳ ಮಕ್ಕಳು ತಾತನ ಮನೆಯ ಮಕ್ಕಳು. ವಾರಸುದಾರನೊಬ್ಬ ಬೇಕು ಎಂಬ ಆಸೆಗೆ ಒಂದು ಹೆಣ್ಣಿನ ಬಾಳನ್ನೇ ಊರ ಗಂಡಸರ ಮುಂದೆ ಇಟ್ಟರು. ಹೆಣ್ಣಿಗೆ ಹೆಣ್ಣಾಗಿಯೇ ಹಕ್ಕಿದ್ದಿದ್ದರೆ ಈ ಲೆಕ್ಕದ ಬಸವಿಯರು ಹುಟ್ಟುತ್ತಿರಲಿಲ್ಲ. ಮುತ್ತು ಕಟ್ಟುವುದನ್ನು ನಿಷೇಧಿಸಲು 1982ರ ದೇವದಾಸಿ ಕಾಯಿದೆ ಬರಬೇಕಾಯಿತು.

ದೇವದಾಸಿಯ ಮಕ್ಕಳು ವಂಶವೃಕ್ಷದ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಏನು ಬರೆಯಬೇಕು? ಮದುವೆಯಾಗದ ತಾಯಿಯ ಮಕ್ಕಳು ತಾಯಿಗೆ ವಾರಸುದಾರರು ಎಂದು 1956ರ ಕಾಯಿದೆ ಒಪ್ಪುತ್ತದೆ. ಹುಟ್ಟಿಸಿದ ಗೌಡನಿಗೆ, ಸಾಹುಕಾರನಿಗೆ ಅಲ್ಲ. ಮದುವೆ ನಡೆದು ಅದು ಕಾನೂನಿನಲ್ಲಿ ಅಸಿಂಧುವಾಗಿದ್ದರೆ ಮಾತ್ರ ಆ ಮಕ್ಕಳಿಗೆ ಅಪ್ಪನ ಪಾಲಿನಲ್ಲಿ ಪಾಲುಂಟು. ಪಿತ್ರಾರ್ಜಿತದಲ್ಲಿ ಅಪ್ಪನಿಗೆ ಬರುವ ಭಾಗಕ್ಕೂ ಅದು ಸಲ್ಲುತ್ತದೆ ಎಂದು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ಕರ್ನಾಟಕದ್ದೇ ರೇವಣಸಿದ್ದಪ್ಪ ಮೊಕದ್ದಮೆಯಲ್ಲಿ. ಆದರೆ ತಾಳಿಯನ್ನೇ ಕಟ್ಟದವನ ಮಕ್ಕಳು? ವಂಶವೃಕ್ಷ ಬಿಡಿಸುವವನ ಗೆರೆ ಅಲ್ಲಿಗೆ ಬಂದು ನಿಲ್ಲುತ್ತದೆ.

*

ದೂರದ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1972ರಲ್ಲಿ ಮುಂಬೈಯ ದಲಿತ ಹುಡುಗರು ಅಮೆರಿಕದ ಕಪ್ಪು ಜನರ ಪ್ಯಾಂಥರ್ ಹೆಸರನ್ನು ತಮ್ಮದು ಮಾಡಿಕೊಂಡರು. ಆ ಕಪ್ಪು ಜನರದೂ ಇದೇ ಕಥೆ. ಗುಲಾಮಗಿರಿಯಲ್ಲಿ ಅವರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಮಕ್ಕಳನ್ನು ಮಾರಿಬಿಡುತ್ತಿದ್ದರು. ಬಿಡುಗಡೆಯಾದ ಮೇಲೆ ಬೆವರು ಸುರಿಸಿ ಕೊಂಡ ಭೂಮಿಗೆ ಉಯಿಲು ಬರೆಯಲಿಲ್ಲ, ಕೋರ್ಟು ಬಿಳಿಯರದು ಎಂಬ ಭಯ. ತಲೆಮಾರು ಕಳೆದಂತೆ ಒಂದೇ ಭೂಮಿಗೆ ಹತ್ತಾರು ಜನ ವಾರಸುದಾರರಾದರು. ಎಲ್ಲೋ ನಗರದಲ್ಲಿದ್ದ ಒಬ್ಬನ ಚೂರು ಪಾಲನ್ನು ಹೊರಗಿನವನು ಕೊಂಡು, ಕೋರ್ಟಿಗೆ ಹೋಗಿ, ಇಡೀ ಭೂಮಿಯನ್ನು ಹರಾಜಿಗೆ ತರುತ್ತಿದ್ದ. ಇದಕ್ಕೆ ಕಡಿವಾಣ ಹಾಕುವ ಮಾದರಿ ಕಾಯಿದೆಯನ್ನು ಅಲ್ಲಿ ರೂಪಿಸಿದ್ದು 2010ರಲ್ಲಿ. ಟೆಕ್ಸಾಸ್ ರಾಜ್ಯದಲ್ಲಿ ವಾರಸುದಾರಿಕೆಯ ಅಫಿಡವಿಟ್ಟು ಎಂಬುದೇ ಇದೆ. ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಪರಿಚಯಸ್ಥರು ಆಣೆ ಹಾಕಿ ಮೃತನ ಸಂಸಾರದ ವಿವರ ಹೇಳುವುದು ಅಲ್ಲಿನ ರೂಢಿ. ಐದು ವರ್ಷ ಅದು ದಾಖಲೆಯಲ್ಲಿದ್ದರೆ ಮೇಲ್ನೋಟಕ್ಕೆ ಸಾಕ್ಷ್ಯವೆಂದು ಕೋರ್ಟು ಒಪ್ಪುತ್ತದೆ. ಅಲ್ಲೂ ಕೊನೆಗೆ ಬೇಕಾದದ್ದು ಒಂದೇ: ಇವರು ಇವರ ಮಕ್ಕಳು ಎಂದು ಹೇಳುವ ನೆರೆಯವನ ಬಾಯಿ.

ನಮ್ಮಲ್ಲೂ ಪಂಚರ ಬಾಯಿ ಬೇಕು. ಪಂಚರು ಯಾರು? ಊರಿನ ಹಿರಿಯರು. ಯಾವ ಊರಿನವರು? ಕೇರಿಯ ಆಚೆಯ ಊರಿನವರು. ಭೂಮಿ ಹಿಡಿದು ಕೂತವನ ಅಣ್ಣನೋ ಷಡ್ಡಕನೋ ಬಂದು, "ಈ ಮುನಿಯ ನಮಗೆ ಗೊತ್ತಿಲ್ಲ" ಎಂದರೆ ಮಹಜರು ಅಲ್ಲಿಗೇ ನಿಂತಿತು. ಹೊಲೆಯನ ಆಣೆಯ ಮೇಲೆ ಗಡಿ ಗುರುತಿಸಿಕೊಂಡ ಊರು, ಹೊಲೆಯನ ಮಗ ಹೊಲೆಯನ ಮಗ ಎಂದು ಹೇಳಲು ಬಾಯಿ ಬಿಡುವುದಿಲ್ಲ.

*

ಈಗ ಕೆಲಸದ ಮಾತು. ಕಾರ್ಯಕರ್ತರೂ ಮೇಷ್ಟ್ರುಗಳೂ ಇದನ್ನು ತಿಳಿದಿರಬೇಕು.

ವಂಶವೃಕ್ಷ ಹಕ್ಕನ್ನು ಹುಟ್ಟಿಸುವುದಿಲ್ಲ. ಹಕ್ಕು ಹುಟ್ಟಿನಿಂದ, ಸಂಬಂಧದಿಂದ ಬಂದಿರುತ್ತದೆ. ಕಾಗದ ಅದನ್ನು ತೋರಿಸುತ್ತದೆ ಅಷ್ಟೆ. ಪಹಣಿಯ ನಮೂದನ್ನು, ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದು ಭಾವಿಸಬೇಕೆಂದು 1964ರ ಭೂಕಂದಾಯ ಕಾಯಿದೆ ಹೇಳುತ್ತದೆ. ಹಾಗೆಂದು ಪಹಣಿಯೇ ಒಡೆತನದ ಪತ್ರವಲ್ಲ. ಯಾರು ವಾರಸುದಾರ ಎಂಬ ಜಗಳದಲ್ಲಿ ಕೊನೆಯ ಮಾತು ಸಿವಿಲ್ ಕೋರ್ಟಿನದು. ಆದ್ದರಿಂದ ಪಂಚರು ಬಾಯಿ ಮುಚ್ಚಿದರೆ ಎಲ್ಲ ಮುಗಿಯಿತು ಎಂದು ಕೂರಬೇಡಿ.

ಅದೇ ಕಾಯಿದೆಯ 128ನ��� ಕಲಂ ಪ್ರಕಾರ ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ವರದಿ ಕೊಡಬೇಕು. ಕೊಟ್ಟ ಅರ್ಜಿಗೆ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ. ತಕರಾರು ಬಂದರೆ ಅದು ತಕರಾರು ಪುಸ್ತಕಕ್ಕೆ ಏರಬೇಕು, ವಿಚಾರಣೆಯಾಗಬೇಕು, ಆದೇಶ ಬರೆಯಬೇಕು. ಬಾಯಿ ಮಾತಿನಲ್ಲಿ "ಆಗಲ್ಲ ಹೋಗು" ಎನ್ನುವುದು ಆದೇಶವಲ್ಲ.

ಮರಣ ಪತ್ರ ಇಲ್ಲದವರು 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ತಡವಾಗಿಯೂ ಬರೆಸಬಹುದು. ಶಾಲೆಯ ದಾಖಲಾತಿ ರಿಜಿಸ್ಟರು, ಹಳೆಯ ಮತದಾರರ ಪಟ್ಟಿ, ಪಡಿತರ ಚೀಟಿ, ಮಿಷನ್ನಿನವರ ದೀಕ್ಷಾ ಪುಸ್ತಕ ಇವೆಲ್ಲ ಸಂಬಂಧಕ್ಕೆ ಸಾಕ್ಷಿಗಳಾಗಬಲ್ಲವು. ಕುಟುಂಬವನ್ನು ಹತ್ತಿರದಿಂದ ಬಲ್ಲವನು ನಡತೆಯಿಂದ ತೋರಿದ ಅಭಿಪ್ರಾಯಕ್ಕೂ ಬೆಲೆಯಿದೆ ಎಂದು 1872ರ ಸಾಕ್ಷ್ಯ ಕಾಯಿದೆಯ 50ನೇ ಕಲಂ ಹೇಳಿತ್ತು. ಅದರ ಬದಲು ಬಂದಿರುವ ಹೊಸ ಸಾಕ್ಷ್ಯ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಕೇರಿಯ ಮುದುಕಿಯೂ ಕುಟುಂಬವನ್ನು ಬಲ್ಲವಳೇ. ಅವಳ ಮಾತಿಗೆ ಜಾತಿ ಕೇಳುವ ಕಲಂ ಯಾವ ಕಾಯಿದೆಯಲ್ಲೂ ಇಲ್ಲ.

ಭೂಮಿಗೆ ಮಾತ್ರ ಅಲ್ಲ. ಮ್ಯಾನ್‌ಹೋಲಿಗೆ ಇಳಿದು ಸತ್ತವನ ಮನೆಯವರಿಗೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆ ದುಡ್ಡು ಕೈಗೆ ಬರುವ ಮುಂಚೆ ಆ ವಿಧವೆ ತಾನು ವಿಧವೆ ಎಂದು ತೋರಿಸಬೇಕು. ಮಲದ ಗುಂಡಿಗೆ ಇಳಿಸುವಾಗ ಅವನ ಹೆಸರನ್ನೂ ಬರೆದುಕೊಳ್ಳದವರು, ಅವನು ಸತ್ತ ಮೇಲೆ ವಂಶವೃಕ್ಷ ಕೇಳುತ್ತಾರೆ.

ಮೇಷ್ಟ್ರುಗಳೇ, ನಿಮ್ಮಲ್ಲೊಂದು ಬೇಡಿಕೆ. ದಾಖಲಾತಿ ಮಾಡಿಕೊಳ್ಳುವಾಗ ಕೇರಿಯ ಮಗುವಿನ ಅಪ್ಪನ ಹೆಸರನ್ನು ಮೊಟಕು ಮಾಡಬೇಡಿ. ಅಮ್ಮನ ಹೆಸರನ್ನು ಬಿಡಬೇಡಿ. ನೀವು ಬರೆಯುವ ಒಂದು ಸಾಲು ಐವತ್ತು ವರ್ಷದ ಮೇಲೆ ಎರಡು ಎಕರೆಯನ್ನು ಉಳಿಸೀತು. ವಿದ್ಯಾರ್ಥಿ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಅಜ್ಜಿಯ ಪಕ್ಕ ಒಂದು ನೋಟುಬುಕ್ಕು ಹಿಡಿದು ಕೂತುಕೊಳ್ಳಿ. ಹುಟ್ಟಿದವರು, ಸತ್ತವರು, ಕೊಟ್ಟ ಹೆಣ್ಣುಮಕ್ಕಳು, ತಂದ ಹೆಣ್ಣುಮಕ್ಕಳು, ಬಿಟ್ಟುಹೋದವರು ಎಲ್ಲರನ್ನೂ ಬರೆಯಿರಿ. ಅರಸರ ವಂಶಾವಳಿ ಬರೆದವರು ಆಸ್ಥಾನ ಪಂಡಿತರು. ನಮ್ಮ ವಂಶಾವಳಿಗೆ ನಾವೇ ಪಂಡಿತರು.

ಆ ಮುದುಕಪ್ಪನ ವಂಶವೃಕ್ಷವನ್ನು ಆಮೇಲೆ ನಾನೇ ಕೂತು ಬರೆದೆ. ಹೆಸರು ಹೇಳುತ್ತಾ ಹೋದ, ಗೆರೆ ಎಳೆಯುತ್ತಾ ಹೋದೆ. ಕೊನೆಗೆ ಕೇಳಿದೆ, "ಅಷ್ಟೇನಾ? ಇನ್ಯಾರೂ ಇಲ್ವಾ? ಇದು ಆಣೆ ಹಾಕಿ ಹೇಳೋ ಮಾತು ತಾತ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. "ನಮ್ಮಕ್ಕ ಒಬ್ಳವ್ಳೆ. ಮಾಲೂರು ಕಡೆ ಕೊಟ್ಟಿದ್ದೀವಿ. ಬರ್ಕೊಳ್ಳಿ ಮೇಷ್ಟ್ರೇ. ನಾಳೆ ಅವಳೂ ಬಂದು ಇದು ಯಾವ ಮರ ಅಂತ ಕೇಳಬಾರದು."

ಬರೆದುಕೊಂಡೆ.